ಸೋರಿಕೆ ಸಾಹೇಬನ ಬಾಗಿಲು

ಎಲ್ಲ ರಗಳೆಗೂ ಮೂಲ ಆ ಬಾಗಿಲು. ಕೇಬಲ್ ಕಾರ್ಖಾನೆಯ ಪರೀಕ್ಷಾ ಕೋಣೆಯ ಬಾಗಿಲು ತೆರೆದರೆ ಸಾಕು, ಯಾರಿಗೂ ಶಾಕ್ ಹೊಡೆಯದಿರಲೆಂದು ಹೈವೋಲ್ಟೇಜ್ ತಾನಾಗಿ ನಿಂತುಬಿಡುತ್ತಿತ್ತು. ಕೇಬಲ್ಲಿನ ಪ್ಲಾಸ್ಟಿಕ್ ಹೊದಿಕೆಯ ಮೂಲಕ ಎಷ್ಟು ವಿದ್ಯುತ್ತು ನುಸುಳುತ್ತದೆಂದು ಅಳೆಯುವವನೇ ನಮ್ಮ ಸೋರಿಕೆ ಸಾಹೇಬ, ಹೆಸರಿಟ್ಟವರು ಸಹೋದ್ಯೋಗಿಗಳು. ಆ ಪ್ಲಾಸ್ಟಿಕ್ಕೋ, ಮಹಾ ಮೊಂಡು. ವೋಲ್ಟೇಜ್ ಕೊಟ್ಟೊಡನೆ ಮೀಟರಿನ ಮುಳ್ಳು ಎದ್ದು ಕುಣಿಯುತ್ತದೆ, ಆಮೇಲೆ ಗಂಟೆಗಟ್ಟಲೆ ಇಳಿಯುತ್ತದೆ. ಅದು ನಿಂತ ಮೇಲೇ ಅಳತೆ. ನಡುವೆ ವೋಲ್ಟೇಜ್ ತಪ್ಪಿದರೆ ಒಳಗೆ ಸಿಕ್ಕಿಕೊಂಡ ವಿದ್ಯುತ್ತನ್ನೆಲ್ಲ ನೆಲಕ್ಕಿಳಿಸಿ ಮೊದಲಿಂದ ಶುರು.

ಅಂದು ಸಂಜೆ ಅವನ ಹೆಂಡತಿ ಬರುವವಳಿದ್ದಳು. ದೂರದ ಆಸ್ಪತ್ರೆಯಲ್ಲಿ ನರ್ಸ್. ತರಬೇತಿಗೆ ಹೋಗುವ ದಾರಿಯಲ್ಲಿ ಇಲ್ಲಿ ಬಸ್ಸು ಬದಲಿಸಬೇಕಿತ್ತು. ಅವಳ ಮುಖ ಕಂಡು ತಿಂಗಳುಗಳೇ ಆಗಿದ್ದವು. ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಅವಳ ಪಕ್ಕ ಸ್ವಲ್ಪ ಹೊತ್ತು ಕೂತರೂ ಸಾಕೆಂದು ಅವನ ಜೀವ ಹಂಬಲಿಸುತ್ತಿತ್ತು. ಆದರೆ ಅಂದಿನ ಅಳತೆ ಮುಗಿಸದೆ ಹೊರಡುವಂತಿರಲಿಲ್ಲ. ಪ್ಲಾಸ್ಟಿಕ್ಕಿಗಿಂತ ಅವನ ಬಾಯಿಯೇ ಹೆಚ್ಚು ಸೋರುತ್ತಿದ್ದರಿಂದ ಸುದ್ದಿ ಬೆಳಿಗ್ಗೆಯೇ ಆಫೀಸಿನವರಿಗೆಲ್ಲ ಮುಟ್ಟಿತ್ತು.

ಮುಳ್ಳು ಆಗಷ್ಟೇ ಇಳಿಯತೊಡಗಿತ್ತು, ಸ್ಟೋರ್ ಕೀಪರ್ ಬಾಗಿಲು ತಳ್ಳಿದ.

"ಅತ್ತಿಗೆ ಬರ್ತಾರಂತೆ! ಈ ಶರ್ಟಲ್ಲೇ ಹೋಗ್ತೀಯೇನೋ?"

ವೋಲ್ಟೇಜ್ ಹೋಯಿತು. ಮತ್ತೆ ಶುರು ಮಾಡಿದರೆ ಟೈಪಿಸ್ಟ್ ಅಕ್ಕ ಬಾಚಣಿಗೆ ಹಿಡಿದು ಬಂದಳು.

"ತಲೆ ನೋಡ್ಕೊಂಡಿದ್ದೀಯಾ? ಕಾಗೆ ಗೂಡು!"

ಮತ್ತೆ ಹೋಯಿತು. ಸೋರಿಕೆ ಸಾಹೇಬನಿಗೆ ಅಳು ಬರುವುದೊಂದು ಬಾಕಿ. ಗೇಟಿಗೆ ಓಡಿ ವಾಚ್‌ಮನ್ ತಾತನನ್ನು ಎಳೆದು ತಂದು ಬಾಗಿಲ ಹೊರಗೆ ಕೂರಿಸಿದ. ಅಳತೆಗೆ ಅಡ್ಡಿಯಾದೀತೆಂದು ಫೋನನ್ನೂ ಅವನ ಕೈಗಿತ್ತ.

"ತಾತ, ದೇವರೇ ಬಂದ್ರೂ ಒಳಗೆ ಬಿಡಬೇಡಿ!"

"ಬಿಟ್ರೆ ಮೀಸೆ ಬೋಳಿಸ್ಕೋತೀನಿ ಸಾರ್."

ಆಮೇಲೆ ಯಾರೂ ಬರಲಿಲ್ಲ. ಮುಳ್ಳು ಮೆಲ್ಲಗೆ ಇಳಿದು, ಕೊನೆಗೂ ನಿಂತಿತು. ಬಸ್ಸಿಗಿನ್ನೂ ಹೊತ್ತಿತ್ತು. ಅವನು ಕುಣಿದಾಡುತ್ತ ಹೊರಬಂದ. ತಾತ ಸೆಲ್ಯೂಟ್ ಹೊಡೆದ.

"ಮೀಸೆ ಉಳೀತು ಸಾರ್! ಒಬ್ಬಮ್ಮ ಮಾತ್ರ ಬಹಳ ಕಾಡಿದ್ರು. ಮುಂಚಿನ ಬಸ್ಸಿಗೇ ಬಂದೆ, ಒಂದ್ಸಲ ಅವರ ಮುಖ ನೋಡಿ ಹೋಗ್ತೀನಿ ಅಂತ. ನಾನು ಬಗ್ತೀನಾ? ನಿಮ್ಮ ಫೋನೂ ಬಡ್ಕೊಳ್ತಿತ್ತು, ಆಫ್ ಮಾಡ್ದೆ."

"ಈಗೆಲ್ಲಿ ತಾತ?"

"ಈ ಗೋಡೆಗೆ ಒರಗಿ ಬಹಳ ಹೊತ್ತು ಕೂತಿದ್ರು. ಇದು ಬೆಳಗಿನವರೆಗೂ ಮುಗಿಯಲ್ಲಮ್ಮ ಅಂದೆ. ಅವರ ಕೆಲಸ ಕೆಡೋದು ಬೇಡ ಅಂತ, ಸಿಕ್ಕಿದ ಬಸ್ಸು ಹತ್ತಿ ಹೋದ್ರು."

ಸೋರಿಕೆ ಸಾಹೇಬ ಅದೇ ಗೋಡೆಗೆ ಒರಗಿ ಕುಸಿದ. ಗೋಡೆಯ ಆಚೆ ಬದಿಗೇ ಅವನ ಕುರ್ಚಿಯಿತ್ತು.

ಅಷ್ಟರಲ್ಲಿ ಸ್ಟೋರ್ ಕೀಪರ್ ಇಸ್ತ್ರಿ ಮಾಡಿದ ತನ್ನ ಶರ್ಟು ಹಿಡಿದು ಓಡಿ ಬಂದ.

"ಇನ್ನೂ ಇಲ್ಲೇ ಕೂತಿದ್ದೀಯಲ್ಲೋ! ಎದ್ದೇಳು, ಅತ್ತಿಗೆ ಕಾಯ್ತಿರ್ತಾರೆ!"