ಪ್ರಶಸ್ತಿ ಬಂದ ಸಿನಿಮಾ, ಜನ ಬಾರದ ಟಾಕೀಸು

ಟೀವಿಯಲ್ಲಿ "ಬಾಕ್ಸ್ ಆಫೀಸ್‌ನಲ್ಲಿ ಧೂಳೆಬ್ಬಿಸಿದ ಚಿತ್ರ" ಅಂತ ಕಿರುಚುತ್ತಾರಲ್ಲ, ಆ ಬಾಕ್ಸ್ ಆಫೀಸ್ ಒಳಗೇ ಕೂತು ತಲೆಗೂದಲು ಬೆಳ್ಳಗೆ ಮಾಡಿಕೊಂಡವಳು ನಾನು. ಮಧುಗಿರಿಯ ಒಂದು ಹಳೇ ಟಾಕೀಸು, ಅದರ ಟಿಕೆಟ್ ಕಿಟಕಿ. ಅಲ್ಲಿ ಧೂಳು ಏಳೋದು ನಿಜ. ಆದರೆ ಅದು ಬೆಳಿಗ್ಗೆ ನಾನು ಕಸ ಗುಡಿಸುವಾಗ.

ನಮ್ಮ ಕಡೆ ಹುಣಸೆ ಸೀಸನ್, ಮಾವಿನ ಸೀಸನ್ ಇದ್ದ ಹಾಗೆ ಸಿನಿಮಾದವರಿಗೆ ಪ್ರಶಸ್ತಿ ಸೀಸನ್ ಅಂತ ಒಂದಿದೆ. ಪ್ರಶಸ್ತಿ ಘೋಷಣೆಯಾಗುತ್ತದೆ, ಪೇಪರಿನಲ್ಲಿ ಫೋಟೋ ಬರುತ್ತದೆ, ಆಮೇಲೆ ಆ ಸಿನಿಮಾ ನಮ್ಮಂಥ ಟಾಕೀಸಿಗೆ ಬರುತ್ತದೆ. ಜನ ಮಾತ್ರ ಬರೋದಿಲ್ಲ. ದೊಡ್ಡ ಹೀರೋ ಸಿನಿಮಾ ಸಿಗದ ವಾರ ನಮ್ಮ ಓನರಿಗೆ ಬೇರೆ ಗತಿಯಿಲ್ಲ. ಪ್ರಶಸ್ತಿ ಸಿನಿಮಾ ಹಾಕುತ್ತಾರೆ, ಖಾಲಿ ಕುರ್ಚಿ ನೋಡುತ್ತಾರೆ, ಜೇಬಿನಿಂದ ಟೇಪು ತೆಗೆದು ಹಾಲ್ ಅಳೆಯೋಕೆ ಶುರು ಮಾಡುತ್ತಾರೆ.

"ಪರದೆ ಇರೋ ಕಡೆ ಮಂಟಪ, ಬಾಲ್ಕನಿ ಕೆಳಗೆ ಅಡಿಗೆಮನೆ. ಇದನ್ನ ಒಡ್ದು ಕಲ್ಯಾಣ ಮಂಟಪ ಮಾಡ್ಬುಟ್ರೆ ನೆಮ್ಮದಿ ಕಣಮ್ಮ" ಅನ್ನುತ್ತಾರೆ.

ಅವರ ನೆಮ್ಮದಿ ಅಂದರೆ ನನ್ನ ಕಿಟಕಿ ಹೋದ ಹಾಗೆ. ಈ ಕಿಟಕಿಯಿಂದಲೇ ನನ್ನ ಮಕ್ಕಳು ಓದಿದ್ದು, ನಮ್ಮ ಮನೆ ಹೆಂಚು ಹೋಗಿ ತಾರಸಿ ಆಗಿದ್ದು. ಆ ಟೇಪು ಸರ್ರನೆ ಸದ್ದು ಮಾಡಿದರೆ ಸಾಕು, ಎಣಿಸಿಟ್ಟ ದುಡ್ಡನ್ನೇ ನಾನು ಮತ್ತೆ ಎಣಿಸುತ್ತೇನೆ. ಆದರೂ ಸುಳ್ಳು ಯಾಕೆ ಹೇಳಲಿ, ಪ್ರಶಸ್ತಿ ಸಿನಿಮಾಗಳು ನನಗೆ ಕೊಟ್ಟಷ್ಟು ನಗು ಯಾವ ಕಾಮಿಡಿ ಪಿಕ್ಚರೂ ಕೊಟ್ಟಿಲ್ಲ. ಪ್ರತಿ ಸಲವೂ ಏನಾದರೊಂದು ಆಗೇ ಆಗುತ್ತೆ.

ಆಲೂಗಡ್ಡೆ ಭವಿಷ್ಯ

ನಮ್ಮ ಕ್ಯಾಂಟೀನ್ ನಡೆಸುವ ಭಾಯ್ ಶಿರಾದವರು. ಗುರುವಾರ ಬಂತೆಂದರೆ ಕಿಟಕಿ ಹತ್ತಿರ ಬಂದು ಕೇಳುತ್ತಾರೆ:

"ಬೆಹೆನ್, ಈ ವಾರದ್ದು ಅವಾರ್ಡಾ?"

"ಹೂಂ ಭಾಯ್."

"ಬೆಂಗ್ಳೂರದ್ದಾ, ದಿಲ್ಲಿದಾ, ಫಾರಿನ್‌ದಾ?"

ಬೆಂಗಳೂರಿನ ಪ್ರಶಸ್ತಿಯಾದರೆ ಸಮೋಸಕ್ಕೆ ಒಂದು ಬುಟ್ಟಿ ಆಲೂಗಡ್ಡೆ ಬೇಯಿಸುತ್ತಾರೆ. ದಿಲ್ಲಿಯದಾದರೆ ಅರ್ಧ ಬುಟ್ಟಿ. ಫಾರಿನ್ನಿನದಾದರೆ ಒಲೆಯನ್ನೇ ಹಚ್ಚೋದಿಲ್ಲ.

"ಯಾಕೆ ಭಾಯ್ ಹಿಂಗೆ?" ಅಂದರೆ, "ಅವಾರ್ಡ್ ಪಿಕ್ಚರ್‌ನಲ್ಲಿ ಇಂಟರ್ವಲ್ ಹೊತ್ತಿಗೆ ಯಾರಾದ್ರೂ ಒಬ್ರು ಸಾಯ್ತಾರೆ. ಸಾವು ನೋಡ್ಕೊಂಡು ಬಂದೋರು ಸಮೋಸ ತಿಂತಾರಾ ಬೆಹೆನ್?" ಅನ್ನುತ್ತಾರೆ.

ಒಂದು ಸಲ ಫಾರಿನ್ ಪ್ರಶಸ್ತಿ ಬಂದ ಸಿನಿಮಾ. ಇಂಟರ್ವಲ್‌ನಲ್ಲಿ ಒಬ್ಬರೇ ಒಬ್ಬರು ಹೊರಗೆ ಬಂದು ಟೀ ಕೇಳಿದರು. ಗಿರಾಕಿ ಸಿಕ್ಕಿದ ಖುಷಿಗೆ ಭಾಯ್ ಓಡಿಹೋಗಿ ಒಲೆ ಹಚ್ಚಿ, "ಪಿಕ್ಚರ್ ಹೆಂಗಿದೆ ಸಾರ್?" ಅಂದರು.

"ಹೆಂಗೋ ಏನೋ ಕಣಪ್ಪ, ನಾನು ಡೈರೆಕ್ಟರ್ ಚಿಕ್ಕಪ್ಪ, ಬರಲೇಬೇಕಿತ್ತು. ನೀನು ಟೀ ನಿಧಾನಕ್ಕೇ ಮಾಡು, ಅವಸರ ಏನಿಲ್ಲ."

ಅಲ್ಲಾಡದ ಮರ

ಇನ್ನೊಂದು ಸಿನಿಮಾ. ಶುರುವಿಗೇ ಬೆಳಗಿನ ಹೊತ್ತು, ಒಂದು ಹುಣಸೆ ಮರ, ಅದನ್ನೇ ನೋಡುತ್ತಾ ಕೂತ ಒಬ್ಬ ಮುದುಕ. ಮುದುಕ ಅಲ್ಲಾಡಲ್ಲ, ಮರ ಅಲ್ಲಾಡಲ್ಲ. ನಮ್ಮ ಆಪರೇಟರ್ ಮೆಷಿನ್ ನಿಂತುಹೋಯಿತು ಅಂದುಕೊಂಡು ಆಫ್ ಮಾಡಿ ಮತ್ತೆ ಆನ್ ಮಾಡಿದ. ಮತ್ತದೇ ಬೆಳಗು, ಅದೇ ಮುದುಕ. ಮತ್ತೆ ಆಫ್, ಮತ್ತೆ ಆನ್. ಕೊನೆಗೆ ಬೆವರು ಒರೆಸಿಕೊಂಡು ಸಿನಿಮಾ ಕಳಿಸಿದವರಿಗೆ ಫೋನ್ ಮಾಡಿದ.

"ಸಾರ್, ನಿಮ್ ಪಿಕ್ಚರ್ ಹ್ಯಾಂಗ್ ಆಗ್ತಾ ಐತೆ."

"ಹ್ಯಾಂಗ್ ಅಲ್ಲ ಕಣ್ರೀ, ಅದು ಹಾಗೇ ಇರೋದು. ಸ್ವಲ್ಪ ಹೊತ್ತು ಸುಮ್ಮನಿರಿ, ಒಂದು ಕಾಗೆ ಬರುತ್ತೆ."

ನಿಜವಾಗಲೂ ಬಂತು. ಸಿನಿಮಾ ಮುಂದಕ್ಕೆ ಹೋಯಿತು.

ಆಟ ಬಿಟ್ಟ ಮೇಲೆ ಕಾಲೇಜಿನ ಮೇಷ್ಟ್ರೊಬ್ಬರು ಒದ್ದೆ ಕಣ್ಣಲ್ಲಿ ಹೊರಗೆ ಬಂದರು. "ಆ ಮುಂಜಾವು ಮತ್ತೆ ಮತ್ತೆ ಬರುತ್ತದಲ್ಲಮ್ಮ, ಎಂಥ ತಂತ್ರ! ಬಡವನ ಬದುಕು ಶುರುವಾಗೋದೇ ಇಲ್ಲ ಅಂತ ಎಷ್ಟು ಚೆನ್ನಾಗಿ ತೋರಿಸಿದ್ದಾರೆ!" ಅಂದರು.

ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡ ಆಪರೇಟರ್ ನನ್ನ ಕಿವಿ ಹತ್ತಿರ ಬಂದು ಹೇಳಿದ: "ಅಕ್ಕ, ಮೇಷ್ಟ್ರು ಮತ್ತೆ ಬರೋದಾದ್ರೆ ಹೇಳು. ಇನ್ನೂ ಸ್ವಲ್ಪ ಜಾಸ್ತಿ ಆಫ್ ಮಾಡ್ತೀನಿ."

ಯಾವ ಬೀಜ?

ಪ್ರಶಸ್ತಿ ಸಿನಿಮಾದ ಪೋಸ್ಟರ್ ನೋಡಿದ್ದೀರಲ್ಲ? ಎರಡು ಕಡೆ ತೆನೆ ಥರ ಬಾಗಿದ ಎಲೆ, ಮಧ್ಯೆ ಸಣ್ಣ ಅಕ್ಷರ. ಹೀರೋ ಮುಖಕ್ಕಿಂತ ಆ ಎಲೆಗಳೇ ಜಾಸ್ತಿ ಇರುತ್ತವೆ.

ಕೊರಟಗೆರೆ ಕಡೆಯ ರೈತರೊಬ್ಬರು ಬಸ್‌ಸ್ಟ್ಯಾಂಡಿನಲ್ಲಿ ಆ ಪೋಸ್ಟರ್ ನೋಡಿ ನೇರ ನನ್ನ ಕಿಟಕಿಗೆ ಬಂದರು. ಟಿಕೆಟ್ ಅಂದ ಕೂಡಲೇ ಮುಖ ಸಿಂಡರಿಸಿದರು.

"ಸರ್ಕಾರದ ಪಿಕ್ಚರ್‌ಗೂ ಟಿಕೆಟ್ಟಾ? ಹೋಗ್ಲಿ ಕೊಡಮ್ಮ, ಒಳ್ಳೇ ವಿಷ್ಯಕ್ಕೆ ತಾನೆ."

ಒಳಗೆ ಹೋದರು. ಆ ಸಿನಿಮಾಗೆ ಬಂದವರೆಲ್ಲ ಅರ್ಧಕ್ಕೇ ಎದ್ದುಹೋದರೂ ಅವರು ಮಾತ್ರ ಮುಂದಿನ ಸಾಲಿನಲ್ಲಿ ನೆಟ್ಟಗೆ ಕೂತು ಕೊನೆತನಕ ನೋಡಿದರು. ನನಗೋ ಹೃದಯ ತುಂಬಿ ಬಂತು. ಇಂಥವರೊಬ್ಬರು ಇದ್ದರೆ ಸಾಕಪ್ಪ ಅಂದುಕೊಂಡೆ. ಹೊರಗೆ ಬಂದಾಗ ನಾನೇ ಕೇಳಿದೆ, "ಹೆಂಗಿತ್ತು ಯಜಮಾನ್ರೇ?"

"ಚೆನ್ನಾಗಿತ್ತು ಕಣಮ್ಮ. ಆ ಹೆಂಗಸು ಪಾಪ ಭಾಳ ಕಷ್ಟ ಪಟ್ಲು. ಆದ್ರೆ ಬೀಜದ ಚೀಲದ ಮೇಲಿನ ತೆನೆ ಗುರುತು ಹಾಕ್ಬುಟ್ಟು, ಯಾವ ಬೀಜ ಬಿತ್ತಬೇಕು ಅಂತ ಕೊನೆಗೂ ಹೇಳ್ಲೇ ಇಲ್ವಲ್ಲ!"

ಕಿಟಕಿಯ ಕ್ಲೈಮ್ಯಾಕ್ಸ್

ಪಾವಗಡ ತಾಲ್ಲೂಕಿನ ಬಲಸಮುದ್ರದ ಕಡೆ ಸೋಲಾರ್ ಪ್ಲೇಟ್ ತೊಳೆಯುವ ಕೆಲಸದವರು ಒಂದು ರಜಾ ದಿನ ಟೆಂಪೋ ಮಾಡಿಕೊಂಡು ಮಧುಗಿರಿ ಬೆಟ್ಟ ನೋಡೋಕೆ ಬಂದಿದ್ದರು. ಬಿಸಿಲು ತಡೆಯಲಾರದೆ ನಮ್ಮ ಟಾಕೀಸಿಗೆ ನುಗ್ಗಿದರು. ಅವತ್ತೂ ಪ್ರಶಸ್ತಿ ಸಿನಿಮಾನೇ. ಕೊನೆಯಲ್ಲಿ ಹೀರೋ ರೈಲ್ವೆ ಗೇಟಿನ ಮುಂದೆ ನಿಲ್ಲುತ್ತಾನೆ, ಗೇಟ್ ತೆಗೆಯೋ ಮುಂಚೆಯೇ ಪರದೆ ಕತ್ತಲು. ಲೈಟ್ ಹಾಕಿದರೂ ಒಬ್ಬರೂ ಏಳಲಿಲ್ಲ. ಅವರ ಪೈಕಿ ಹಿರಿಯರೊಬ್ಬರು ನನ್ನ ಹತ್ತಿರ ಬಂದು ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಕೇಳಿದರು.

"ಏಂಟಮ್ಮಾ ಇದಿ? ಮಿಗಿಲಿಂದಿ ಎಕ್ಕಡ? ಉಳಿದಿದ್ದು ಎಲ್ಲೈತೆ? ಹಾಕ್ಸಮ್ಮ."

"ಅಷ್ಟೇ ಸ್ವಾಮಿ, ಮುಗೀತು."

"ಗೇಟೇ ತೆಗ್ದಿಲ್ಲ, ಹೆಂಗಮ್ಮ ಮುಗೀತದೆ?"

ವಿಧಿಯಿಲ್ಲದೆ ನಾನೇ ಒಳಗೆ ಹೋಗಿ ಪರದೆ ಮುಂದೆ ನಿಂತೆ. ಬಾಯಿಮಾತಲ್ಲೇ ಗೇಟ್ ತೆಗೆಸಿದೆ. ಹೀರೋನ ಊರಿಗೆ ಕಳಿಸಿದೆ. ಅವನ ಜಮೀನು ನುಂಗಿದ ಚೇರ್ಮನ್ನಿಗೆ ನಾಲ್ಕು ಬಿಗಿಸಿದೆ, ತಾಯಿ ಕೈಯಲ್ಲಿ ಮುದ್ದೆ ಊಟ ಹಾಕಿಸಿದೆ. ಹಾಲ್‌ನಲ್ಲಿ ಶಿಳ್ಳೆಯೋ ಶಿಳ್ಳೆ. ನನ್ನ ಜನ್ಮದಲ್ಲಿ ಅಂಥ ಶಿಳ್ಳೆ ನನಗೆ ಯಾರು ಹೊಡೆದಿದ್ದರು? ಅವರಿಗೆ ಮನಸಾರೆ ಕೈಮುಗಿದು ಕಳಿಸಿಕೊಟ್ಟೆ.

ಮಾರನೇ ದಿನ ಸುದ್ದಿ ಕೇಳಿದ ಊರಿನ ಹುಡುಗನೊಬ್ಬ ಕಿಟಕಿಗೆ ಬಂದು ಕೇಳಿದ: "ಅಕ್ಕ, ಸಿನಿಮಾ ಬೇಡ. ನೀವು ಹೇಳೋ ಕ್ಲೈಮ್ಯಾಕ್ಸ್‌ಗೆ ಬೇರೆ ಟಿಕೆಟ್ ಐತಾ?"

ಕುಂಕುಮ ಕೊಟ್ಟು ಕರೆದದ್ದು

ಈಗ ಮುಖ್ಯವಾದದ್ದಕ್ಕೆ ಬರುತ್ತೇನೆ. ಒಂದು ಮದುವೆಯ ಸಿನಿಮಾ ಬಂತು, ದಿಲ್ಲಿ ಪ್ರಶಸ್ತಿಯದು. ಅದರಲ್ಲಿ ಮದುಮಗಳಾಗಿದ್ದವಳು ನಮ್ಮ ತಾಲ್ಲೂಕಿನ ಪುರವರದ ಹುಡುಗಿ, ಕಾಲೇಜಿಗೆ ಹೋಗುವವಳು. ಮದುವೆ ಸೀನ್ ತೆಗೆದಿದ್ದೂ ಅದೇ ಊರಲ್ಲಿ, ಊರವರನ್ನೇ ಕೂರಿಸಿ. ಇನ್ನೇನು ಬೇಕು, ಹಾಲ್ ತುಂಬುತ್ತೆ ಅಂದುಕೊಂಡೆ. ಶುಕ್ರವಾರ ನೋಡಿದರೆ ಈ ಕಡೆ ಬಾಗಿಲಿಂದ ಬಂದ ಗುಬ್ಬಿ ಆ ಕಡೆ ಬಾಗಿಲಿಂದ ಹೋಯಿತು, ಅಷ್ಟೇ.

ಓನರ್ ಟೇಪು ತೆಗೆದರು. "ಸಾಕಮ್ಮ. ಭಾನುವಾರದ ಮ್ಯಾಟಿನಿ ನೋಡ್ತೀನಿ. ಹಾಲ್ ತುಂಬ್ಲಿಲ್ಲ ಅಂದ್ರೆ ಸೋಮವಾರ ಗಾರೆಯೋರು ಬರ್ತಾರೆ. ನೀನೂ ಬೇರೆ ಕೆಲ್ಸ ನೋಡ್ಕೋ." ಕೋಪ ಇರಲಿಲ್ಲ ಅವರ ದನಿಯಲ್ಲಿ. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು.

ಶನಿವಾರ ಬೆಳಿಗ್ಗೆ ಪುರವರಕ್ಕೆ ಹೋದೆ. "ಯಾಕ್ರಮ್ಮ ಬರ್ಲಿಲ್ಲ?" ಅಂದೆ. ಜಗಲಿ ಮೇಲೆ ಕೂತಿದ್ದ ಅಜ್ಜಿ, "ಕರೀದೆ ಹೆಂಗೆ ಬರಾದು ಕಣವ್ವ? ಗೋಡೆಗೆ ಪೇಪರ್ ಅಂಟಿಸ್ಬುಟ್ರೆ ಕರ್ದಂಗಾ?" ಅಂದಿತು.

ನನಗೆ ಆಗ ಹೊಳೆಯಿತು. ನಮ್ಮ ಕಡೆ ಮದುವೆಗೆ ಪತ್ರಿಕೆ ಕೊಟ್ಟರೆ ಬಂದರೂ ಬಂದರು, ಬಿಟ್ಟರೂ ಬಿಟ್ಟರು. ಆದರೆ ಹೆಂಗಸರು ಮನೆ ಬಾಗಿಲಿಗೆ ಬಂದು ಕುಂಕುಮ ಕೊಟ್ಟು ಕರೆದರೆ ಬರದೇ ಇರೋ ಹಾಗಿಲ್ಲ. ಸಿನಿಮಾದ ಹುಡುಗಿಯ ತಾಯಿಯನ್ನು ಎಬ್ಬಿಸಿಕೊಂಡು, ಅವರ ಮನೆಯ ಕುಂಕುಮದ ಭರಣಿ ಹಿಡಿದು ಮನೆಮನೆ ಹತ್ತಿದೆ. "ನಾಳೆ ಮ್ಯಾಟಿನಿಗೆ ಪರದೆ ಮೇಲೆ ನಿಮ್ಮ ಹುಡುಗಿ ಮದುವೆ. ಮನೆಮಂದಿ ಎಲ್ಲಾ ಬರಬೇಕು." ಎಲ್ಲರೂ ಹಣೆಗೆ ಇಟ್ಟುಕೊಂಡರು.

ಭಾನುವಾರ ಟ್ರಾಕ್ಟರ್, ಆಟೋ, ಟೆಂಪೋ! ರೇಷ್ಮೆ ಸೀರೆ, ತಲೆ ತುಂಬ ಕನಕಾಂಬರ, ಗಂಡಸರಿಗೆಲ್ಲ ಬಿಳೀ ಪಂಚೆ. ಆ ಅಜ್ಜಿ ಹೊಸ ಸ್ಟೀಲ್ ಕೊಡಪಾನವನ್ನೇ ಉಡುಗೊರೆಗೆ ತಂದಿತ್ತು. ಕಿಟಕಿಯಲ್ಲಿ ಗಲಾಟೆ ಶುರುವಾಯಿತು.

"ಮದ್ವೆಗೆ ಕರ್ದು ಟಿಕೆಟ್ ಕೇಳ್ತೀಯಲ್ಲವ್ವ, ಎಲ್ಲಾದ್ರೂ ಉಂಟಾ?"

"ಟಿಕೆಟ್ ಅಂದ್ಕೋಬೇಡಿ ಯಜಮಾನ್ರೇ, ಮದ್ವೆಗೆ ಹಾಕೋ ಮುಯ್ಯಿ ಅಂದ್ಕೊಳ್ಳಿ" ಅಂದೆ.

ಮುಯ್ಯಿ ಅಂದ ಮೇಲೆ ನಮ್ಮ ಜನ ಹಿಂದೆ ಮುಂದೆ ನೋಡೋದುಂಟೇ? ಬಾಲ್ಕನಿಯೂ ತುಂಬಿ ಗೋಡೆ ಪಕ್ಕ ನಿಂತರು. ಹುಡುಗಿಯ ತಾಯಿ ಬಾಗಿಲಲ್ಲಿ ತಟ್ಟೆ ಹಿಡಿದು ಎಲ್ಲರ ಕೈಗೂ ಅಕ್ಷತೆ ಹಾಕಿದರು. ಹೀಗೆ ಮಾಡಿ ಅಂತ ನಾನು ಹೇಳಿಕೊಟ್ಟಿದ್ದಲ್ಲ, ಸತ್ಯವಾಗಲೂ.

ಅವತ್ತೇ ಓನರ್ ತಮ್ಮ ಹೆಂಡತಿಯನ್ನು ಕರೆತಂದಿದ್ದರು, ಅಡಿಗೆಮನೆ ಎಲ್ಲಿ ಬರುತ್ತೆ ಅಂತ ತೋರಿಸೋಕೆ. ಟೇಪು ಹಿಡಿದುಕೊಂಡೇ ಇಬ್ಬರೂ ಪರದೆ ಪಕ್ಕದ ಬಾಗಿಲಲ್ಲಿ ಬೆರಗಾಗಿ ನಿಂತರು.

ಸಿನಿಮಾ ಕೊನೆಗೆ ಬಂತು. ಪರದೆ ಮೇಲೆ ವಾದ್ಯ ಜೋರಾಯಿತು, ಗಂಡು ತಾಳಿ ಎತ್ತಿದ, ಹಾಲ್‌ನಲ್ಲಿದ್ದವರೆಲ್ಲ ಅಕ್ಷತೆ ಹಿಡಿದು ಎದ್ದು ನಿಂತರು, ವಾದ್ಯ ಗಕ್ಕನೆ ನಿಂತಿತು, ಪರದೆ ಮೇಲಿನ ಹುಡುಗಿ ತಲೆಯೆತ್ತಿ ನೋಡಿದಳು. ಪರದೆ ಕತ್ತಲಾಯಿತು. ಹೆಸರುಗಳು ಬರೋಕೆ ಶುರುವಾದವು.

ಪ್ರಶಸ್ತಿ ಸಿನಿಮಾ ಅಲ್ಲವೇ, ತಾಳಿ ಕಟ್ಟಿಸಿರಲಿಲ್ಲ! ಶೂಟಿಂಗ್ ದಿನವೂ ತಾಳಿ ಎತ್ತಿದ ಕೂಡಲೇ ಊಟಕ್ಕೆ ಬಿಟ್ಟಿದ್ದರಂತೆ, ಮಿಕ್ಕಿದ್ದು ಆಮೇಲೆ ತೆಗೆದಿರುತ್ತಾರೆ ಅಂತ ಊರವರು ನಂಬಿಕೊಂಡಿದ್ದರು.

"ಇದೇನ್ಲಾ ಅನ್ಯಾಯ! ಅಕ್ಷತೆ ಕೈಯಾಗೇ ಉಳೀತಲ್ಲ!" "ಹಿಡ್ಕೊಂಡು ಮನೆಗೆ ಹೋಗಾಕಾಯ್ತದಾ? ಅಪಶಕುನ!" ಅಂತ ಹಾಲ್ ಪೂರ್ತಿ ಕೂಗು. ಕಿಟಕಿಯ ಕ್ಲೈಮ್ಯಾಕ್ಸ್ ಹೇಳೋಣ ಅಂತ ಓಡಿದೆ. ಆದರೆ ಬಾಯಲ್ಲಿ ಕಟ್ಟಿಸಿದ ತಾಳಿಗೆ ಯಾರು ಅಕ್ಷತೆ ಹಾಕುತ್ತಾರೆ?

ಆಗ ಆ ಅಜ್ಜಿಯ ಕಣ್ಣು ಓನರ್ ದಂಪತಿಗಳ ಮೇಲೆ ಬಿತ್ತು. "ಅಲ್ನೋಡ್ರಲಾ, ಜೋಡಿ ನಿಂತೈತೆ! ಹಾಕ್ರಲಾ!"

ಹಾಕಿದರು ನೋಡಿ! ಮುಂದಿನ ಸಾಲು, ಹಿಂದಿನ ಸಾಲು, ಬಾಲ್ಕನಿಯಿಂದಲೂ ಅಕ್ಷತೆ. ಆಪರೇಟರ್ ಸುಮ್ಮನಿರಬೇಕಲ್ಲ, ವಾದ್ಯದ ಭಾಗವನ್ನೇ ಮತ್ತೆ ಹಾಕಿದ. ಓನರ್ ತಲೆ ತುಂಬ ಹಳದಿ ಅಕ್ಕಿ. ಅವರ ಹೆಂಡತಿ ಸೆರಗು ಹೊದ್ದು, ಕೆನ್ನೆ ಕೆಂಪಗೆ ಮಾಡಿಕೊಂಡು ನಿಂತುಬಿಟ್ಟರು. ಅಜ್ಜಿ ಕೊಡಪಾನ ತಂದು ಅವರ ಕೈಗೇ ಕೊಟ್ಟು, "ಚೆನ್ನಾಗಿ ಬಾಳ್ರವ್ವ" ಅಂದು ಹರಸಿತು. ಆಮೇಲೆ ಸುತ್ತ ನೋಡಿ, "ಊಟಕ್ಕೆ ಎಲ್ಲಿ ಕೂರಾದು?" ಅಂದಿತು.

ಓನರ್ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಮಾತಾಡಿದ್ದು ಅವರ ಹೆಂಡತಿ. "ಮದ್ವೆಗೆ ಬಂದೋರನ್ನ ಹಸಿವಲ್ಲಿ ಕಳ್ಸಾಕಾಯ್ತದೇನ್ರೀ? ಅಂಗಡಿಯಿಂದ ಅಕ್ಕಿ ಬೇಳೆ ತರಿಸಿ." ಆಮೇಲೆ ಗಂಡನ ಕೈಯಿಂದ ಟೇಪು ಕಿತ್ತು ಕೊಡಪಾನದೊಳಗೆ ಹಾಕಿದರು. "ಟಾಕೀಸೇ ಮದ್ವೆ ಮಂಟಪ ಆಗೈತೆ. ಇನ್ನು ಒಡೆಯಾದೇನು?"

ಓನರ್ ತಲೆ ಮೇಲಿನ ಅಕ್ಷತೆ ಕೊಡವಿಕೊಂಡು ನಕ್ಕುಬಿಟ್ಟರು. ಆ ನಗು ನೋಡಿ ನನಗೆ ಅಳು ಬಂತು. ಗಾರೆಯವರು ಇವತ್ತಿಗೂ ಬಂದಿಲ್ಲ.

ರೇಷ್ಮೆ ಸೀರೆ ಮೇಲೆತ್ತಿ ಕಟ್ಟಿ ಹೆಂಗಸರು ತರಕಾರಿ ಹೆಚ್ಚಿದರು, ಭಾಯ್ ಅನ್ನ ಸಾರು ಮಾಡಿದರು, ಸ್ಕೂಟರ್ ನಿಲ್ಲಿಸೋ ಜಾಗದಲ್ಲಿ ಎಲೆ ಹಾಕಿದೆವು. "ಬೆಹೆನ್, ನನ್ನ ಜಿಂದಗಿಯಲ್ಲಿ ಅವಾರ್ಡ್ ಪಿಕ್ಚರ್‌ಗೆ ಆಲೂಗಡ್ಡೆ ಸಾಲದೆ ಹೋಗಿದ್ದು ಇದೇ ಮೊದಲು" ಅಂತ ಭಾಯ್ ಕಣ್ಣೊರೆಸಿಕೊಂಡರು. ಈರುಳ್ಳಿ ಹೆಚ್ಚಿದ್ದಕ್ಕಂತೆ. ಪುರವರದ ಆ ಜನಕ್ಕೆ ನಾನು ಎಷ್ಟು ಸಲ ಕೈಮುಗಿದರೂ ಕಡಿಮೆಯೇ.

ಸೋಮವಾರ ಬೆಂಗಳೂರಿನಿಂದ ಆ ಸಿನಿಮಾದ ಡೈರೆಕ್ಟರ್ ಫೋನ್ ಮಾಡಿದರು. ಮಧುಗಿರಿಯಲ್ಲಿ ಹೌಸ್‌ಫುಲ್ ಅಂತ ಅವರಿಗೆ ಸುದ್ದಿ ಮುಟ್ಟಿತ್ತು.

"ಅಮ್ಮ, ತಾಳಿ ಕಟ್ಟಿಸದೆ ಆ ಮೌನದಲ್ಲಿ ಸಿನಿಮಾ ಮುಗಿಸಿದ್ದೀನಲ್ಲ, ಅದಕ್ಕೇ ನನಗೆ ಪ್ರಶಸ್ತಿ ಬಂದಿದ್ದು. ನಿಜ ಹೇಳಿ, ಆ ಕೊನೆ ನೋಡಿ ಹೊರಗೆ ಬಂದ ಜನ ಏನಂದ್ರು?"

ನಾನು ಸುಳ್ಳು ಹೇಳಲಿಲ್ಲ.

"ಊಟ ಚೆನ್ನಾಗಿತ್ತು ಅಂದ್ರು ಸಾರ್."