ಗಾದಿ ಅಂಗಡಿಯವನ ಹಲಗೆ

ನೂರಾ ಇಪ್ಪತ್ತು ಹತ್ತಿ ಗಾದಿ, ಗಾದಿಗೆ ಇನ್ನೂರಾ ಹತ್ತು ರೂಪಾಯಿ. ಎಂಬತ್ತರ ದಶಕದ ಕೊನೆಗೆ ಗೋವಾದ ಕಲಂಗುಟ್‌ನ ಹೊಸ ಹೋಟೆಲ್ಲೊಂದರ ಮುಂದೆ ನಾನು ಇಟ್ಟಿದ್ದ ದರ ಇದು. ಚವತಿ ಹಬ್ಬ ಮುಗಿದ ಮೇಲೆ ಮ್ಯಾನೇಜರು ಕೊರ್ತಾಲಿಮ್‌ನ ನನ್ನ ಅಂಗಡಿಗೆ ಬಂದು, ಮಾಲು ನೋಡಿ, ದರ ಪಕ್ಕಾ ಮಾಡಬೇಕಿತ್ತು. ನಾನು ಸಿಗದಿದ್ದರೆ ಮಾಪ್ಸಾದ ಇನ್ನೊಬ್ಬ ವ್ಯಾಪಾರಿ ಕಾದು ಕೂತಿದ್ದ. ಅದಕ್ಕೆ ಸರಿಯಾಗಿ ಆಗಸ್ಟಿನಲ್ಲಿ ನನ್ನ ಬೆನ್ನುಮೂಳೆ ಕೈಕೊಟ್ಟಿತು. ಆಪರೇಷನ್ ಆಗಲೇಬೇಕು ಅಂದರು. ನನಗೆ ಇಂಥವೆಲ್ಲ ಸೀಸನ್ ನೋಡಿಕೊಂಡೇ ಬರುತ್ತವೆ.

ಇನ್ನೊಂದು ಮಾತು. ನಮ್ಮ ಮನೆತನದಲ್ಲಿ ಮೊಣಕಾಲ ಕೆಳಗಿನ ನರಗಳು ತಲೆಮಾರಿನಿಂದ ಸೋತಿವೆ. ಪಾದಕ್ಕೆ ಏನು ತಾಗಿದರೂ ಗೊತ್ತಾಗುವುದಿಲ್ಲ. ಮುಂಗಾಲು ಜೋತುಬೀಳುವುದರಿಂದ ಮೊಣಕಾಲು ಎತ್ತೆತ್ತಿ ನಡೆಯುತ್ತೇವೆ. ಅಜ್ಜ ಹಾಗೇ ನಡೆದ, ಅಪ್ಪ ಹಾಗೇ ನಡೆದ. ಡಾಕ್ಟರು ಅದಕ್ಕೊಂದು ಉದ್ದ ಹೆಸರು ಹೇಳಿದರು. ನಾವು 'ಮನಿ ನಡಗಿ' ಅನ್ನುತ್ತೇವೆ.

೧. ಗುಂಡುಪಿನ್ನು

ಆಪರೇಷನ್ ಆದ ಮರುದಿನ ಬೆಳಿಗ್ಗೆ ಹುಬ್ಬಳ್ಳಿ ಕಡೆಯ ಸಣ್ಣ ಡಾಕ್ಟರೊಬ್ಬರು ಗುಂಡುಪಿನ್ನು ಹಿಡಿದು ನನ್ನ ಕಾಲ ಹತ್ತಿರ ನಿಂತರು.

"ಗೊತ್ತಾಗತದೇನ್ರಿ?"

"ಇಲ್ರಿ."

"ಈಗ?"

"ಏನ್ ಮಾಡಾಕತ್ತೀರಿ?"

ಡಾಕ್ಟರ ಹಣೆಯ ಮೇಲೆ ಬೆವರು. ಸುತ್ತಿಗೆಯಂಥದ್ದು ತಂದು ಮೊಣಕಾಲಿಗೆ ಬಡಿದರು. ಕಾಲು ಬಡಿಸಿಕೊಂಡು ಸುಮ್ಮನಿತ್ತು.

"ಬೆರಳು ಮ್ಯಾಲೆತ್ರಿ ನೋಡೂಣು."

"ಅದು ನಮ್ಮಪ್ಪಗೂ ಬರತಿದ್ದಿಲ್ರಿ."

ಮಾತು ಮುಗಿಯುವ ಮೊದಲೇ ಅವರು ಆಪರೇಷನ್ ಕೆಟ್ಟಿತೆಂದು ಓಡಿಹೋಗಿ, ಚಹಾ ಕುಡಿಯುತ್ತಿದ್ದ ದೊಡ್ಡ ಡಾಕ್ಟರನ್ನು ಎಬ್ಬಿಸಿಕೊಂಡು ಬಂದರು. ದೊಡ್ಡವರು ನನ್ನ ಕಾಲು ನೋಡಲಿಲ್ಲ, ಫೈಲು ತೆಗೆದರು. ನಮ್ಮ ಮನೆತನದ ನರಗಳ ಕಥೆ ಮೊದಲ ಪುಟದಲ್ಲೇ ಬರೆದಿತ್ತು. ಅವರು ಚಹಾಕ್ಕೆ ವಾಪಸಾದ ಮೇಲೆ ಸಣ್ಣವರು ನನ್ನ ಮೇಲೆ ಸಿಟ್ಟಾದರು.

"ನೀವರೆ ಹೇಳಬೇಕಲ್ರಿ!"

"ಗೊತ್ತಾಗತದೇನು ಅಂತ ಕೇಳಿದ್ರಿ, ಇಲ್ಲ ಅಂದೆ. ಯಾವಾಗಿಂದ ಅಂತ ನೀವು ಕೇಳಲಿಲ್ಲ."

೨. ಕಾಕಾನ ಗಂಜಿ

ಮೂರನೆಯ ದಿನ ಧಾರವಾಡದಿಂದ ನಮ್ಮ ಕಾಕಾ ನನ್ನನ್ನು ನೋಡಲು ಬಂದ. ಅಪ್ಪನ ತಮ್ಮ, ಅದೇ ಮೂಗು, ಅದೇ ನಡಿಗೆ. ಆ ಹೊತ್ತಿಗೆ ನನ್ನನ್ನು ಎಕ್ಸ್‌ರೇ ಕೋಣೆಗೆ ತಳ್ಳಿಕೊಂಡು ಹೋಗಿದ್ದರು. ಆಗತಾನೆ ಡ್ಯೂಟಿಗೆ ಬಂದ ನರ್ಸಮ್ಮನಿಗೆ ಯಾರೋ, 'ಬೆನ್ನಿನ ಪೇಷಂಟು ಮೊಣಕಾಲು ಎತ್ತೆತ್ತಿ ನಡೀತಾನ, ಒಬ್ಬನನ್ನೇ ಬಿಡಬೇಡ' ಅಂತ ಹೇಳಿದ್ದರಂತೆ. ಕಾರಿಡಾರಿನಲ್ಲಿ ಮೊಣಕಾಲು ಎತ್ತೆತ್ತಿ ಬರುತ್ತಿದ್ದ ಕಾಕಾನನ್ನು ಆಕೆ ಕೊಂಕಣಿಯಲ್ಲಿ ಬೈದು, ರಟ್ಟೆ ಹಿಡಿದು, ನನ್ನ ಹಾಸಿಗೆಯಲ್ಲಿ ಮಲಗಿಸಿದ್ದಾಳೆ.

ನಾನು ತಿರುಗಿ ಬಂದಾಗ ಕಾಕಾ ಬಾಯಲ್ಲಿ ಥರ್ಮಾಮೀಟರ್ ಇಟ್ಟುಕೊಂಡು ನನ್ನ ಹೊದಿಕೆಯೊಳಗಿದ್ದ. ಪಕ್ಕದಲ್ಲಿ ನನ್ನ ಗಂಜಿಯ ಬಟ್ಟಲು, ಖಾಲಿ.

"ಕಾಕಾ, ಪೇಷಂಟ್ ನಾ ಅಲ್ಲ ಅಂತ ಹೇಳಬಾರದೇನು?"

ಕಾಕಾ ಥರ್ಮಾಮೀಟರ್ ತೆಗೆದ. "ಹೇಳಾಂವ ಇದ್ದೆ. ಅಷ್ಟರಾಗ ಗಂಜಿ ತಂದ್ಲು. ಬಸ್ಸಿನಾಗ ಕುಂತು ಕುಂತು ನನ್ನ ಬೆನ್ನೂ ನೋಯಾಕತ್ತಿತ್ತು." ಮತ್ತೆ ಥರ್ಮಾಮೀಟರ್ ಬಾಯಿಗಿಡುವ ಮೊದಲು ಕೇಳಿದ, "ಸಂಜಿಗೂ ಕೊಡ್ತಾರೇನು?"

೩. ಖರೇ ಮಾತು

ಮನೆಗೆ ಕಳಿಸುವಾಗ ದೊಡ್ಡ ಡಾಕ್ಟರು ಮೂರು ಕಟ್ಟಳೆ ಹಾಕಿದರು. ಬಗ್ಗಬಾರದು, ನೆಲದ ಮೇಲೆ ಕೂರಬಾರದು, ಮೆತ್ತನೆಯ ಗಾದಿಯ ಮೇಲೆ ಮಲಗಬಾರದು. ಹಲಗೆಯೇ ಆಗಬೇಕು.

"ನಂದು ಗಾದಿ ಅಂಗಡಿ ಅದ," ಅಂದೆ.

"ಮಾರ್ರಿ. ಮಲಗಬ್ಯಾಡ್ರಿ," ಅಂದರು.

ಮನೆಯಲ್ಲಿ ಮಲಗಿದರೆ ಹೋಟೆಲ್ಲಿನ ವ್ಯವಹಾರ ಮಾಪ್ಸಾಕ್ಕೆ ಹೋಗುತ್ತದೆ. ಹಲಗೆಯನ್ನು ಅಂಗಡಿಗೇ ತರಿಸಿದೆ. ಸುತ್ತ ಮಾಡಿನವರೆಗೆ ಗಾದಿ, ನಡುವೆ ಹಲಗೆಯ ಮೇಲೆ ಮಾಲಕ. ಗಿರಾಕಿಗಳು ಗಾದಿ ಒತ್ತಿ ನೋಡುವರು, ನನ್ನನ್ನು ನೋಡುವರು, ಗಲ್ಲಾಪೆಟ್ಟಿಗೆಯ ಹತ್ತಿರ ಕೂತ ನನ್ನ ಹೆಂಡತಿಯನ್ನು ಕಾರಣ ಕೇಳುವರು. ಆಕೆಗೆ ಸುಳ್ಳು ಬರುವುದಿಲ್ಲ.

"ಇವರಿಗೆ ಗಾದಿ ಆಗಿಬರೂದಿಲ್ರಿ."

ಮೂರು ಗಿರಾಕಿ ಹೋದರು. "ಹಂಗ ಹೇಳಬ್ಯಾಡ, ಡಾಕ್ಟರು ಹೇಳ್ಯಾರ ಅಂತ ಹೇಳು," ಅಂದೆ. ಹಾಗೇ ಹೇಳಿದಳು. ಐದು ಗಿರಾಕಿ ಹೋದರು.

೪. ದಬ್ಬಣ

ಮ್ಯಾನೇಜರು ಹೇಳಿದ್ದಕ್ಕಿಂತ ಒಂದು ದಿನ ಮೊದಲೇ ಬಂದರು. ಕಾರವಾರದವರು, ಕನ್ನಡ ಬಲ್ಲವರು. ನಮ್ಮಲ್ಲಿ ಗಾದಿ ಹೊಲಿಯುವ ಚಾಚಾ ನಾಲ್ಕು ದಿನದಿಂದ ಕಳೆದಿದ್ದ ತನ್ನ ದಬ್ಬಣ ಹುಡುಕುತ್ತ ಮೂಲೆಯಲ್ಲಿದ್ದ. ಹಲಗೆ ಮುಚ್ಚಲು ಸಮಯವೇ ಸಿಗಲಿಲ್ಲ.

"ಏನು ಸೇಟ್, ನೀವೇ ಹಲಗೆ ಮೇಲೆ ಮಲಗ್ತೀರಿ?"

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಅಂದಳು, "ಗಾದಿಗೆ ಬೆನ್ನು ನೋಯತದಂತ ಡಾಕ್ಟರು ಹಲಗಿ ಹಾಕ್ಸ್ಯಾರ್ರಿ."

ವ್ಯವಹಾರ ಮುಗಿಯಿತು ಅಂದುಕೊಂಡೆ. ಮ್ಯಾನೇಜರು ಗಲ್ಲ ಕೆರೆದುಕೊಂಡರು. "ನಮ್ಮ ಫಾರಿನ್ ಗಿರಾಕಿಗಳೂ ಬೆಳಿಗ್ಗೆದ್ದು ಇದನ್ನೇ ಹೇಳ್ತಾರೆ. ಹಂಗಾದ್ರೆ ಒಂದೊಂದು ಗಾದಿ ಕೆಳಗೆ ಒಂದೊಂದು ಹಲಗೆನೂ ಕೊಡಿ. ಹಲಗೆ ದುಡ್ಡು ಬೇರೆ. ಗಾದಿಗೆ ಮಾತ್ರ ನೂರಾ ತೊಂಬತ್ತು."

ನಾನು ಮಗ್ಗುಲಾಗಿ, ಕೈಯೂರಿ, ಕಂಬದ ಹಾಗೆ ನೆಟ್ಟಗೆ ಎದ್ದೆ. ನೆಲದ ಮೇಲೆ ಹಾಸಿದ್ದ ಗಾದಿಯನ್ನು ಬರಿಗಾಲಲ್ಲಿ ತುಳಿದು ತೋರಿಸಿದೆ. "ನೋಡ್ರಿ, ಎಷ್ಟು ತುಳದ್ರೂ ಹತ್ತಿ ಗಂಟಾಗೂದಿಲ್ಲ. ಇನ್ನೂರಾ ಹತ್ತು."

ಆಚೆ ಹೋದೆ, ಈಚೆ ಬಂದೆ. ನಾನು ಕಾಲು ಎತ್ತಿದಾಗಲೆಲ್ಲ ಮ್ಯಾನೇಜರ ಮುಖ ಬಿಳಿಚುತ್ತಿತ್ತು.

"ಇನ್ನೂರು," ಅಂದರು.

ನಾನು ಮತ್ತೊಂದು ಹೆಜ್ಜೆ ಎತ್ತಿದೆ.

"ಇನ್ನೂರಾ ಹತ್ತು! ಸೇಟ್, ಕಾಲು ನೋಡ್ಕೊಳ್ಳಿ! ಹಿಮ್ಮಡಿಯಲ್ಲಿ ದಬ್ಬಣ!"

"ಇನ್ನೂರಾ ಹತ್ತು ಪಕ್ಕಾ ಹೌದಲ್ರಿ?"

"ಪಕ್ಕಾ! ಮೊದಲು ಅದನ್ನ ತೆಗೀರಿ!"

"ನನಗ ಬಗ್ಗಬ್ಯಾಡ ಅಂದಾರ. ನೀವ ತೆಗೀರಿ."

ಪಾಪ, ಮೊಣಕಾಲೂರಿ, ಕಣ್ಣು ಮುಚ್ಚಿ ಕಿತ್ತರು. ಅದೇ ಕೈಯಲ್ಲಿ ಅಡ್ವಾನ್ಸ್ ಕೊಟ್ಟರು.

ಕೊನೆಗೆ ಕೈಗೆ ಹತ್ತಿದ ಆರ್ಡರು ಇಷ್ಟು: ನೂರಾ ಇಪ್ಪತ್ತು ಗಾದಿ, ಕೇಳಿದ ದರಕ್ಕೆ. ನೂರಾ ಇಪ್ಪತ್ತು ಹಲಗೆ, ಕೇಳದೆಯೇ. ಖರ್ಚು, ಧನುರ್ವಾಯು ಇಂಜೆಕ್ಷನ್ ಒಂದು. ಚಾಚಾನ ದಬ್ಬಣವೂ ಸಿಕ್ಕಿತು.