ಹರಿಹರದ ಮನೆ, ಅಜ್ಜಯ್ಯನ ಖಾತೆ

“ಬಾಂಡು ಬರೆಯೋನಿಗೆ ಒಂದು ನಯಾಪೈಸೆ ಕೊಡಲ್ಲ! ನನ್ನ ಮನೆ ಮಾರಾಕೆ ನನಗೆ ಬರಲ್ಲೇನು? ಕಾಗದಪತ್ರ ಎಲ್ಲಾ ನಾನೇ ಮಾಡಿಸ್ತೀನಿ!”

ದಾವಣಗೆರೆಯ ಹತ್ತಿ ಮಿಲ್ಲಿನ ಹೆಡ್ ಕ್ಲಾರ್ಕ್ ಪರಮೇಶ್ವರಪ್ಪನವರು ಗುಡುಗಿದ್ದು ಬೆಳಗಿನ ಕಾಫಿಗೂ ಮೊದಲು. ಅವರ ಸಿಟ್ಟು ಮಿಲ್ಲಿನ ಕೂಗಿಗಿಂತ ಮುಂಚೆಯೇ ಏಳುತ್ತಿತ್ತು. ಹರಿಹರದಲ್ಲಿ ಖಾಲಿ ಬಿದ್ದಿದ್ದ ತಂದೆಯ ಮನೆ ಮಾರಿದರೆ ದಾವಣಗೆರೆಯಲ್ಲಿ ನೋಡಿಟ್ಟ ಮನೆ ಕೈಗೆ ಬರುತ್ತಿತ್ತು. ಇಲ್ಲವಾದರೆ ಬೀದಿಯೇ ಗತಿ! ಯುಗಾದಿಯೊಳಗೆ ಜಾಗ ಖಾಲಿ ಮಾಡಿ ಎಂದು ಬಾಡಿಗೆ ಮನೆಯ ಮಾಲೀಕ ಹೇಳಿಯಾಗಿತ್ತು.

“ಅಲ್ರಿ, ಗೊತ್ತಿದ್ದೋರನ್ನ ಒಂದ್ಮಾತು ಕೇಳಿದ್ರೆ…” ಎಂದರು ಹೆಂಡತಿ ಗುರುಶಾಂತಮ್ಮ.

“ನನಗಿಂತ ಗೊತ್ತಿರೋನು ಯಾವನೇ? ಸುಮ್ನೆ ಬಾ ನನ್ನ ಹಿಂದೆ!”

ಹರಿಹರದ ಪುರಸಭೆಯಲ್ಲಿ ಗುಮಾಸ್ತ ರಿಜಿಸ್ಟರ್ ಮಗುಚಿ, ಕನ್ನಡಕದ ಮೇಲಿಂದ ನೋಡಿದ.

“ಮನೆ ಪರಮೇಶ್ವರಪ್ಪನ ಹೆಸರಿಗಿಲ್ರಿ. ಅಜ್ಜಯ್ಯ ಅಂತ ಐತೆ. ಯಾರ್ರಿ ಈ ಅಜ್ಜಯ್ಯ?”

“ನಾನೇ ಕಣಯ್ಯಾ!”

“ಮತ್ತೆ ಪರಮೇಶ್ವರಪ್ಪ?”

“ಅವನೂ ನಾನೇ!”

ತಪ್ಪು ಯಾರದೆನ್ನುವುದು? ಪರಮೇಶ್ವರಪ್ಪ ಎಂದು ಅವರಿಗೆ ಇಟ್ಟದ್ದು ಅಜ್ಜನ ಹೆಸರು. ಮಾವನ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವುದುಂಟೆ? ತಾಯಿ ಮಗನನ್ನು ಅಜ್ಜಯ್ಯ ಎಂದೇ ಕರೆದರು. ಗಂಡ ತೀರಿಕೊಂಡ ಮೇಲೆ ಮನೆಯನ್ನು ಮಗನ ಹೆಸರಿಗೆ ಬರೆಸುವಾಗಲೂ, ಸಾಕ್ಷಾತ್ ಸರ್ಕಾರವೇ ಕೇಳಿದರೂ, ಆ ಮಹಾತಾಯಿ ಮಾವನ ಮರ್ಯಾದೆ ಬಿಟ್ಟುಕೊಡಲಿಲ್ಲ!

“ಇಬ್ರೂ ಒಬ್ರೇ ಅಂತ, ಚಿಕ್ಕಂದಿನಿಂದ ನಿಮ್ಮನ್ನ ಕಂಡ ಹಿರೇರು ಯಾರಾದ್ರೂ ಹೆಬ್ಬೆಟ್ಟು ಒತ್ತಿದ್ರೆ ಸಾಕ್ರಿ,” ಎಂದ ಗುಮಾಸ್ತ.

ಪರಮೇಶ್ವರಪ್ಪನವರ ಮೈಯೆಲ್ಲ ಉರಿಯಿತು. ಓಣಿಯಲ್ಲಿ ಅಂಥ ಹಿರಿಯರೆಂದರೆ ಪಕ್ಕದ ಮನೆಯ ಕೊಟ್ರವ್ವ ಒಬ್ಬರೇ. ಖಾಲಿ ಮನೆಯ ಗೋಡೆಗೆ ಎಮ್ಮೆ ಕಟ್ಟಿದರೆಂದು ಹೋದ ವರ್ಷ ಆ ಮುದುಕಿಗೆ ಲಾಯರ್ ನೋಟೀಸು ಕೊಡಿಸಿದ ಪುಣ್ಯಾತ್ಮರು ಇವರೇ!

ಕೊಟ್ರವ್ವ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಚಾಚಿದ ಕಾಗದ ಮುಟ್ಟಲೇ ಇಲ್ಲ.

“ಅಜ್ಜಯ್ಯನ್ನ ನಾನು ಎತ್ತಿ ಆಡಿಸೀನಪ್ಪಾ. ಚಿನ್ನದಂಥ ಹುಡುಗ. ನಮ್ಮ ಎಮ್ಮೇನ ಹೊಳಿಗೆ ಹೊಡ್ಕೊಂಡು ಹೋಗಿ ಮೈ ತಿಕ್ಕಿ ತರ್ತಿದ್ದ. ಪರಮೇಶ್ವರಪ್ಪ ಅಂದ್ರೆ ನನಗೆ ನೋಟೀಸು ಕೊಟ್ಟೋನು. ಅವನೇ ಇವನು ಅಂತ ದೇವ್ರ ಮುಂದೆ ಹೆಂಗೆ ಹೆಬ್ಬೆಟ್ಟು ಒತ್ಲಿ?”

“ಮುದುಕೀ, ಕೋರ್ಟಿಗೆ ಎಳೀತೀನಿ!”

“ನೋಡು, ಅಜ್ಜಯ್ಯ ಹಿಂಗೆ ಮಾತಾಡ್ತಿರ್ಲಿಲ್ಲ.”

ಸಿಟ್ಟು ತಡೆಯದೆ ಅವರು ಹೆಂಡತಿಯತ್ತ ತಿರುಗಿದರು. “ನೀನಾದ್ರೂ ಹೇಳೇ, ನಾನು ಅಜ್ಜಯ್ಯ ಅಲ್ಲೇನು?”

ಗುರುಶಾಂತಮ್ಮ ಸೆರಗು ಸರಿಮಾಡಿಕೊಂಡರು. “ಮದುವೆ ಆದಾಗಿಂದ ನಾನಂತೂ ಆ ಅಜ್ಜಯ್ಯನ್ನ ಕಂಡಿಲ್ರಿ.”

ಆ ಮಾತು ನೋಟೀಸಿಗಿಂತ ಜೋರಾಗಿ ತಗುಲಿತು. ಹೆಡ್ ಕ್ಲಾರ್ಕ್ ಸಾಹೇಬರು ಕೋಟು ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟರು. ಪಂಚೆ ಎತ್ತಿ ಕಟ್ಟಿದರು. ಎಮ್ಮೆಯ ಹಗ್ಗ ಹಿಡಿದು ತುಂಗಭದ್ರೆಗೆ ಇಳಿದೇಬಿಟ್ಟರು! ಹುಲ್ಲಿನ ಸಿಂಬೆ ಹಿಡಿದು ಬೆನ್ನು ತಿಕ್ಕುತ್ತಿರುವಾಗ ಎಮ್ಮೆ ಬಾಲ ಬೀಸಿ ಮೀಸೆಗೆಲ್ಲ ಕೆಸರು ಬಳಿಯಿತು.

“ಥೂ, ದರಿದ್ರ ಎಮ್ಮೆ! ನಿನಗೂ ನೋಟೀಸು ಕೊಡಿಸ್ತೀನಿ, ನಿಮ್ಮಪ್ಪನಿಗೂ ಕೊಡಿಸ್ತೀನಿ!”

ಹಿಂದೆಯೇ ಬಂದು ದಂಡೆಯ ಮೇಲೆ ನಿಂತಿದ್ದ ಕೊಟ್ರವ್ವ ಹೆಬ್ಬೆಟ್ಟು ಮುಂದೆ ಮಾಡಿದರು.

“ತಾ ಕಾಗ್ದ. ತಿಕ್ಕೋ ಕೈ ಅಜ್ಜಯ್ಯಂದು, ಬೈಯೋ ಬಾಯಿ ಪರಮೇಶ್ವರಪ್ಪಂದು. ಇಬ್ರೂ ಒಬ್ರೇ!”